ಎರಡು ಆಸ್ಪತ್ರೆ ನಡುವಿನ ದಾರಿ ಯಾರ ಲೆಕ್ಕಕ್ಕೆ?

ಪ್ರಶ್ನೆ: ನಾನು ನರ್ಸ್. ನಮ್ಮ ಮ್ಯಾನೇಜ್‌ಮೆಂಟಿಗೆ ಎರಡು ಆಸ್ಪತ್ರೆ ಇವೆ. ಡ್ಯೂಟಿ ಮಧ್ಯದಲ್ಲೇ ಫೋನ್ ಮಾಡಿ ಇನ್ನೊಂದಕ್ಕೆ ಹೋಗಿ ಅಂತಾರೆ. ಊಟದ ಬಿಡುವಿನಲ್ಲಿ ನನ್ನ ಸ್ಕೂಟರಿನಲ್ಲೇ ಹೋಗಬೇಕು, ಆ ಹೊತ್ತನ್ನು ಡ್ಯೂಟಿಗೆ ಸೇರಿಸೋದಿಲ್ಲ. ಇದು ಸರೀನಾ? ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ?
- ಹೆಸರು ಬೇಡ

ಉತ್ತರ: ಸರಿಯಲ್ಲ. ಮನೆಯಿಂದ ಕೆಲಸಕ್ಕೆ ಬರೋದು ಬೇರೆ, ಕೆಲಸ ಶುರುವಾದ ಮೇಲೆ ಅವರು ಹೇಳಿದ ಕಡೆ ಹೋಗೋದು ಬೇರೆ. ಅಮೆರಿಕದ ಕಾರ್ಮಿಕ ನಿಯಮದಲ್ಲಿ ಒಂದು ಕೆಲಸದ ಜಾಗದಿಂದ ಇನ್ನೊಂದಕ್ಕೆ ಹೋಗುವ ಹೊತ್ತು ದುಡಿದ ಹೊತ್ತೇ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಇನ್ನೂ ಮುಂದೆ ಹೋಯಿತು: ಕೆಲಸಕ್ಕೆ ಇಂಥದೇ ಜಾಗ ಅಂತ ಇಲ್ಲದವರಿಗೆ ಮನೆಯಿಂದ ಮೊದಲ ಗಿರಾಕಿಯವರೆಗಿನ ದಾರಿಯೂ ಕೆಲಸದ ಸಮಯ ಅಂದಿತು. ಪ್ರತಿ ದೇಶದ ಕಾನೂನು ಬೇರೆ ನಿಜ, ಆದರೆ ಗಾಡಿ ಓಡಿಸುತ್ತಾ ಕಳೆದ ಬಿಡುವನ್ನು ಬಿಡುವು ಅಂತ ಯಾವ ಬಾಯಲ್ಲಿ ಹೇಳ್ತಾರೋ!

ಅಪಘಾತದ ವಿಷಯ. ಕೆಲಸದ ಮೇಲೆ ಹೋಗುವಾಗ ಪೆಟ್ಟಾದರೆ ಸಾಮಾನ್ಯವಾಗಿ ಪರಿಹಾರ ಕೇಳಬಹುದು. ಆದರೆ ಅವರು ಕಳಿಸಿದ್ದು ಅನ್ನೋದಕ್ಕೆ ಸಾಕ್ಷಿ ಬೇಕಲ್ವಾ? ಫೋನಿನಲ್ಲಿ ಹೇಳಿದ ಮಾತು ನಾಳೆ ‘ನಾವು ಹೇಳೇ ಇಲ್ಲ’ ಆಗುತ್ತೆ. ಹಾಗಾಗಿ ಹೊರಡುವ ಮುಂಚೆ ಒಂದು ಮೆಸೇಜ್ ಹಾಕಿ: ‘ನೀವು ಹೇಳಿದಂತೆ 1.10ಕ್ಕೆ ಹೊರಡುತ್ತಿದ್ದೇನೆ.’ ತಲುಪಿದ ಮೇಲೆ ಇನ್ನೊಂದು. ಸ್ಕೂಟರ್ ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ನೋಡಿ, ಸ್ವಂತ ಬಳಕೆಗೆ ಮಾತ್ರ ಅಂತ ಬರೆದಿದ್ದರೆ ಈಗಲೇ ಕಂಪನಿಯವರನ್ನು ಕೇಳಿ.

ನೀವು ಕೇಳದೇ ಇರೋ ಒಂದು ವಿಷಯ ಇದೆ, ನನಗೆ ಜಾಸ್ತಿ ಭಯ ಅದರದ್ದೇ. ನಿಮ್ಮ ರೋಗಿಗಳನ್ನು ಯಾರಿಗೆ ಒಪ್ಪಿಸಿ ಹೊರಡ್ತೀರಿ? ಹ್ಯಾಂಡೋವರ್ ಕೊಡದೆ ಹೊರಟು, ಆ ಹೊತ್ತಿಗೆ ಯಾರಿಗಾದರೂ ಹೆಚ್ಚುಕಡಿಮೆ ಆದರೆ, ಮೇಲಿನವರು ಕಳಿಸಿದರು ಅನ್ನೋ ಒಂದೇ ಮಾತು ನಿಮ್ಮ ನರ್ಸಿಂಗ್ ರಿಜಿಸ್ಟ್ರೇಷನ್ ಉಳಿಸುತ್ತೆ ಅಂತ ನಂಬಬೇಡಿ. ಯಾರಿಗೆ, ಎಷ್ಟು ಗಂಟೆಗೆ, ಯಾವ ಡ್ರಿಪ್ ಓಡ್ತಿದೆ, ಮುಂದಿನ ಡೋಸ್ ಯಾವಾಗ ಅಂತ ಬರೆದು, ತೆಗೆದುಕೊಂಡವರ ಸಹಿ ಹಾಕಿಸಿ. ಯಾರೂ ಇಲ್ಲ ಅಂದರೆ, ಇಲ್ಲ ಅಂತ ಇನ್‌ಚಾರ್ಜ್‌ಗೆ ತಿಳಿಸಿ, ಅದನ್ನೂ ಬರಹದಲ್ಲಿ. ಔಷಧಿ ಅಲಮಾರಿನ ಕೀಲಿ, ಕೇಸ್ ಶೀಟ್ ಜೇಬಿನಲ್ಲಿ ಬರದ ಹಾಗೆ ನೋಡ್ಕೊಳ್ಳಿ.

ಎರಡನೇ ಆಸ್ಪತ್ರೆ ಕಾಗದದಲ್ಲಿ ಬೇರೆ ಸಂಸ್ಥೆ ಹೆಸರಲ್ಲಿದ್ದರೆ ಅಲ್ಲಿ ನಡೆಯುವ ತಪ್ಪಿಗೆ ನಿಮ್ಮ ವಿಮೆ (ಸ್ಕೂಟರಿನದ್ದಲ್ಲ, ಕೆಲಸದ ತಪ್ಪಿಗೆ ಇರುವ ವಿಮೆ) ಅನ್ವಯಿಸುತ್ತಾ ಅಂತ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ. ನೇಮಕಾತಿ ಪತ್ರದಲ್ಲಿ ‘ಸಂಸ್ಥೆಯ ಯಾವುದೇ ಶಾಖೆ’ ಅಂತಿದ್ದರೆ ಹೋಗಲ್ಲ ಅನ್ನೋದು ಕಷ್ಟ, ಆದರೆ ಆ ಸಾಲು ಕಳಿಸೋಕೆ ಮಾತ್ರ, ದಾರಿಯ ಹೊತ್ತಿನ ಸಂಬಳ ತಪ್ಪಿಸೋಕಲ್ಲ.