ಹಾಸನಕ್ಕೆ ಬಂದ ದುಡ್ಡು, ಟೆಕ್ಸಾಸಿನಲ್ಲಿ ಮಾಡಿದ ಕೆಲಸ

ಪ್ರಶ್ನೆ: ಸರ್, ನಾನು ಹಾಸನದವಳು. 2024ರ ಆಗಸ್ಟಿನಲ್ಲಿ ಎಫ್-1 ಅಂದರೆ ವಿದ್ಯಾರ್ಥಿ ವೀಸಾ ಮೇಲೆ ಟೆಕ್ಸಾಸಿಗೆ ಬಂದೆ. ಡೇಟಾ ಸೈನ್ಸ್‌ನಲ್ಲಿ ಎಂಎಸ್ ಮಾಡುತ್ತಿದ್ದೇನೆ. ಊರಲ್ಲಿದ್ದಾಗ ಕನ್ನಡ ಪುಸ್ತಕಗಳಿಗೆ ಮುಖಪುಟ ಮಾಡಿಕೊಡುತ್ತಿದ್ದೆ. ಒಂದಕ್ಕೆ ನಾಲ್ಕು ಸಾವಿರ ರೂಪಾಯಿ. ಇಲ್ಲಿಗೆ ಬಂದ ಮೇಲೂ ಬೆಂಗಳೂರಿನ ಪ್ರಕಾಶಕರು ಕೇಳಿದರು ಅಂತ ಎರಡು ಮಾಡಿದೆ. ದುಡ್ಡು ಅಪ್ಪನ ಅಕೌಂಟಿಗೆ ಹೋಯಿತು. ಇಲ್ಲಿ ನಾನು ಒಂದು ಡಾಲರನ್ನೂ ಮುಟ್ಟಿಲ್ಲ. ಆದರೂ ಇದು ತಪ್ಪು ಅಂತ ರೂಮ್‌ಮೇಟ್ ಹೆದರಿಸುತ್ತಾಳೆ. ಹೌದಾ? ಹೊರಡುವ ಮೊದಲೇ ಮುಗಿಸಿಕೊಟ್ಟ ಮೂರು ಮುಖಪುಟದ ದುಡ್ಡು ಇನ್ನೂ ಬಾಕಿ ಇದೆ. ಅದನ್ನೂ ಬಿಡಬೇಕಾ? ಆನ್‌ಲೈನ್ ಫ್ರೀಲಾನ್ಸ್ ಸೈಟಿಗೆ ಸೇರಬಹುದಾ?
– ಹೆಸರು ಬೇಡ, ಟೆಕ್ಸಾಸ್

ಉತ್ತರ: ಮೊದಲು ಸಿಹಿ ಸುದ್ದಿ. ಬಾಕಿ ಇರುವ ಮೂರು ಮುಖಪುಟದ ದುಡ್ಡನ್ನು ಧೈರ್ಯವಾಗಿ ಕೇಳಿ ತಗೊಳ್ಳಿ. ಅದು ಹಾಸನದಲ್ಲಿ ಕೂತು ಮುಗಿಸಿದ ಕೆಲಸ. ದುಡ್ಡು ತಡವಾಗಿ ಬಂದರೆ ಕೆಲಸದ ಊರು ಬದಲಾಗುವುದಿಲ್ಲ. ಫೈಲ್ ಕಳಿಸಿದ ಮೇಲ್, ಬಿಲ್ಲು ಎರಡನ್ನೂ ತಾರೀಖು ಕಾಣುವಂತೆ ಇಟ್ಟುಕೊಳ್ಳಿ. ಪ್ರಕಾಶಕರಿಂದ ವಸೂಲಿ ಮಾಡುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಅದಕ್ಕಿಂತ ವೀಸಾ ಸುಲಭ.

ಆಮೇಲೆ ಮಾಡಿದ ಎರಡರ ವಿಷಯಕ್ಕೆ ಬರೋಣ. ದುಡ್ಡು ಎಲ್ಲಿ ಬಿತ್ತು ಅಂತ ನೀವು ನೋಡುತ್ತಿದ್ದೀರಿ. ಇಮಿಗ್ರೇಷನ್‌ನವರು ಕೇಳುವುದು ಬೇರೆ: ಕೆಲಸ ಮಾಡುವಾಗ ನೀವು ಎಲ್ಲಿ ಕೂತಿದ್ದಿರಿ? ಲ್ಯಾಪ್‌ಟಾಪ್ ಟೆಕ್ಸಾಸಿನಲ್ಲಿತ್ತು, ಕೈ ಅಲ್ಲೇ ಇತ್ತು. ಅಪ್ಪನ ಅಕೌಂಟ್ ಅದನ್ನು ಮುಚ್ಚುವುದಿಲ್ಲ. ಭಾರತದ ಕ್ಲೈಂಟಿಗೆ ಭಾರತದ ದುಡ್ಡಿನಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದಾ ಎಂಬುದರಲ್ಲಿ ವಕೀಲರಲ್ಲೇ ಎರಡು ಮಾತಿದೆ, ನಿಜ. ಆದರೆ ವಿದ್ಯಾರ್ಥಿಗಳು ಹೀಗೆ ಮಾಡಬಹುದು ಅಂತ ಬಾಯಿಬಿಟ್ಟು ಹೇಳುವ ನಿಯಮ ಒಂದೂ ಇಲ್ಲ. ಎಂಟು ಸಾವಿರ ರೂಪಾಯಿಗೆ ಆ ವಾದದ ನಡುವೆ ಹೋಗಿ ನಿಲ್ಲಬೇಕಾ? ಅನುಮತಿ ಇಲ್ಲದೆ ಕೆಲಸ ಮಾಡಿದ್ದರಿಂದ ಸ್ಟೇಟಸ್ (ಇಲ್ಲಿ ವಿದ್ಯಾರ್ಥಿಯಾಗಿ ಇರುವ ಹಕ್ಕು) ಹೋದರೆ, ಅದನ್ನು ಮತ್ತೆ ಕೊಡಿ ಅಂತ ಕೇಳುವ ದಾರಿಯೂ ಮುಚ್ಚುತ್ತದೆ. ಬೇರೆ ತಪ್ಪುಗಳಿಗೆ ಇರುವ ರಿಯಾಯಿತಿ ಇದಕ್ಕಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ನಾನು ತುಮಕೂರಿನಿಂದ 2005ರಲ್ಲಿ ಇದೇ ಎಫ್-1 ಮೇಲೆ ನ್ಯೂಜೆರ್ಸಿಗೆ ಬಂದವನು. ನಮ್ಮವರ ಒಂದು ದಿನಸಿ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟೆ. 300 ಡಾಲರ್ ಕ್ಯಾಶ್ ಕೊಟ್ಟರು, ಮೇಲೆ 20 ಪೌಂಡಿನ ಸೋನಾ ಮಸೂರಿ ಚೀಲ. ಅಕ್ಕಿ ಒಂದೂವರೆ ತಿಂಗಳು ಬಂತು. ಆ ಕೆಲಸದ ನೆನಪು ಹದಿನೈದು ವರ್ಷ ಬಂತು. 2020ರಲ್ಲಿ ಗ್ರೀನ್ ಕಾರ್ಡಿಗೆ ಫಾರಂ ತುಂಬುವಾಗ ಒಂದು ಪ್ರಶ್ನೆ ಎದುರಾಯಿತು: ಅಮೆರಿಕದಲ್ಲಿ ಎಂದಾದರೂ ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ? ಆ 'ಎಂದಾದರೂ' ನೋಡಿ ನನಗೆ ಅಕ್ಕಿ ಚೀಲ ಕಂಡಿತು. ಹೆಂಡತಿ, ‘ಯಾರಿಗೆ ಗೊತ್ತಾಗುತ್ತೆ, ಇಲ್ಲ ಅಂತ ಬರೀರಿ’ ಅಂದಳು. ವಕೀಲರು ಬೇಡ ಅಂದರು. ನಡುವೆ ಎಷ್ಟೋ ಸಲ ಊರಿಗೆ ಹೋಗಿ ಸರಿಯಾದ ವೀಸಾದ ಮೇಲೆ ವಾಪಸ್ ಬಂದಿದ್ದೆ. ನೌಕರಿ ಮೇಲೆ ಕೇಳುವ ಗ್ರೀನ್ ಕಾರ್ಡಿನಲ್ಲಿ, ಕೊನೆಯ ಸಲ ಹಾಗೆ ಒಳಗೆ ಬಂದ ಮೇಲಿನ ತಪ್ಪನ್ನು ಮಾತ್ರ ಎಣಿಸುತ್ತಾರೆ. ಅದೂ 180 ದಿನ ಮೀರದಿದ್ದರೆ ಮನ್ನಾ. ‘ಹೌದು’ ಅಂತ ಬರೆದು, ಅಂಗಡಿ ವಿಷಯವನ್ನೂ ಬರೆದುಕೊಟ್ಟೆ. ದಾಟಿತು. ಸುಳ್ಳು ಬರೆದು ಸಿಕ್ಕಿಬಿದ್ದಿದ್ದರೆ ಆ ಮನ್ನಾ ಕೈ ಹಿಡಿಯುತ್ತಿರಲಿಲ್ಲ. ಅದಕ್ಕೇ ನೀವೂ ಮೇಲ್ ಅಳಿಸಬೇಡಿ, ಅಪ್ಪನ ಹೆಸರಲ್ಲಿ ಹೊಸ ಬಿಲ್ಲು ಹುಟ್ಟಿಸಬೇಡಿ. ಕೆಲಸ ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನವರು ಒಳ್ಳೆಯವರು, ಆದರೆ ಅವರು ನಿಮ್ಮ ವಕೀಲರಲ್ಲ. ಕೆಲವು ವಿಷಯ ಗೊತ್ತಾದರೆ, ಹೊರದೇಶದ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯಾದ ಸೆವಿಸ್‌ನಲ್ಲಿ ದಾಖಲಿಸುವ ಹೊಣೆ ಅವರ ಮೇಲಿದೆ. ಮುಂದೆ ಏನು ಮಾಡಬಹುದು ಅಂತ ಅವರನ್ನೇ ಕೇಳಿ. ಆಗಿಹೋದ ಎರಡು ಮುಖಪುಟದ ಬಗ್ಗೆ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ನಾನು ಟ್ಯಾಕ್ಸ್ ಕಾಗದ ತುಂಬುವವನು, ಅಷ್ಟೇ.

ಫ್ರೀಲಾನ್ಸ್ ಸೈಟು ಈಗ ಬೇಡ. ಕೆಲಸದ ಮಾತು ಹಾಗಿರಲಿ, ಅಲ್ಲಿ ಟ್ಯಾಕ್ಸಿನ ಒಂದು ಬಲೆಯೂ ಇದೆ. ಅಮೆರಿಕದ ವಿಳಾಸ ಕೊಟ್ಟ ತಕ್ಷಣ ಸೈಟು ಡಬ್ಲ್ಯು-9 ಫಾರಂ ಮುಂದಿಡಬಹುದು. ಹುಡುಗರು ಸುಮ್ನೆ ಸಹಿ ಒತ್ತಿಬಿಡುತ್ತಾರೆ. ಅದು ಟ್ಯಾಕ್ಸ್ ಲೆಕ್ಕದಲ್ಲಿ ಅಮೆರಿಕದವರಾದವರ ಫಾರಂ. ಎಫ್-1ರವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅದು ಸಲ್ಲುವುದಿಲ್ಲ. ನೀವು ಬಂದಿದ್ದು ಆಗಸ್ಟಿನಲ್ಲಾದರೂ 2024 ಪೂರ್ತಿ ಒಂದು ವರ್ಷ ಅಂತ ಲೆಕ್ಕ. ಹಾಗಾಗಿ 2028ರ ಕೊನೆವರೆಗೆ ನೀವು ಹೊರಗಿನವರೇ. ಸಂಪಾದನೆ ಇಲ್ಲದಿದ್ದರೂ, ಈ ಲೆಕ್ಕವನ್ನು ತೋರಿಸುವ 8843 ಫಾರಂ ಟ್ಯಾಕ್ಸ್ ಇಲಾಖೆಗೆ ಕಳಿಸಬೇಕು, ಮರೆಯಬೇಡಿ.

ದುಡ್ಡು ಬೇಕೇ ಬೇಕು ಅಲ್ವಾ? ಕ್ಯಾಂಪಸ್ ಒಳಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಹೊತ್ತು ಕೆಲಸ ಮಾಡಬಹುದು. ಲೈಬ್ರರಿ, ಊಟದ ಹಾಲ್, ಪ್ರೊಫೆಸರ್ ಜೊತೆಗಿನ ಕೆಲಸ, ಸಿಕ್ಕಿದ್ದು. ಆ ಸಂಬಳಕ್ಕೆ ಒಂದು ಸವಲತ್ತೂ ಇದೆ. ಭಾರತ–ಅಮೆರಿಕ ಟ್ಯಾಕ್ಸ್ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಬೀಳದೆ ಬಿಡುವ ಮೊತ್ತ) ಹಾಕಿಕೊಳ್ಳಬಹುದು. ಬೇರೆ ಬಹುಪಾಲು ದೇಶದವರಿಗೆ ಇದಿಲ್ಲ. ಒಂಟಿಯವರಿಗೆ 2024ರ ಲೆಕ್ಕಕ್ಕೆ ಅದು 14,600 ಡಾಲರ್. ಪಕ್ಕದ ಬೆಂಚಿನವನನ್ನು ನೋಡಿ ಫಾರಂ ತುಂಬಿ ಇದನ್ನು ಬಿಟ್ಟುಕೊಟ್ಟ ಮಕ್ಕಳನ್ನು ಪ್ರತಿ ಏಪ್ರಿಲ್‌ನಲ್ಲೂ ನೋಡುತ್ತೇನೆ.

ಓದು ಮುಗಿದ ಮೇಲೆ ಓಪಿಟಿ ಅನ್ನುವ ಕೆಲಸದ ಅನುಮತಿ ಬರುತ್ತದೆ, 12 ತಿಂಗಳು. ಅದರಲ್ಲಿ ಸ್ವಂತ ಕೆಲಸ ಮಾಡಬಹುದು, ಆದರೆ ಅದು ನೀವು ಓದಿದ್ದಕ್ಕೇ ಸಂಬಂಧಪಟ್ಟಿರಬೇಕು. ಕ್ಲೈಂಟಿಗೆ ಡ್ಯಾಶ್‌ಬೋರ್ಡ್ ಮಾಡಿಕೊಟ್ಟರೆ ಸರಿ. ಕನ್ನಡ ಕಾದಂಬರಿಯ ಮುಖಪುಟ ಡೇಟಾ ಸೈನ್ಸ್ ಅಂತ ಯಾರೂ ಒಪ್ಪುವುದಿಲ್ಲ, ತಂಗಿ. ಆಮೇಲೆ ವಿಜ್ಞಾನ, ತಂತ್ರಜ್ಞಾನ, ಗಣಿತದಂಥದ್ದು ಓದಿದವರಿಗಿರುವ 24 ತಿಂಗಳ ಸ್ಟೆಮ್ ವಿಸ್ತರಣೆಗೆ ಇ-ವೆರಿಫೈನಲ್ಲಿರುವ (ನೌಕರರ ಕೆಲಸದ ಅನುಮತಿಯನ್ನು ಸರ್ಕಾರದ ಜೊತೆ ತಾಳೆ ನೋಡುವ ವ್ಯವಸ್ಥೆ) ಕಂಪನಿ ಬೇಕು, ನಿಮಗೆ ನೀವೇ ಮಾಲೀಕರಾದರೆ ನಡೆಯದು.

ಮುಖಪುಟದ ಕೈ ಬಿಡಲಾಗದಿದ್ದರೆ ರಜೆಗೆ ಹಾಸನಕ್ಕೆ ಹೋದಾಗ ಕೂತು ನಾಲ್ಕು ಮಾಡಿ ಮುಗಿಸಿ. ಅಲ್ಲಿದ್ದಷ್ಟು ದಿನ ಅಮೆರಿಕದ ವೀಸಾ ನಿಮ್ಮ ಕೈ ಕಟ್ಟುವುದಿಲ್ಲ. ದುಡ್ಡು ಅಪ್ಪನಿಗೆ ಬೇಡ, ನಿಮ್ಮ ಅಕೌಂಟಿಗೇ ಬರಲಿ. ಹಳೆಯ ಉಳಿತಾಯ ಖಾತೆ ಹಾಗೇ ಇದ್ದರೆ ಅದನ್ನು ಹೊರದೇಶದಲ್ಲಿರುವವರ ಖಾತೆಯಾದ ಎನ್‌ಆರ್‌ಒ ಮಾಡಿಸಿಕೊಳ್ಳಿ.

ಪ್ರಶ್ನೆ: ಮಗ ಓದಲು ಹೊರಗೆ ಹೋಗಬೇಕು ಅಂತಿದ್ದಾನೆ. ವಿಡಿಯೋ ಎಡಿಟಿಂಗ್ ಮಾಡಿ ಈಗಲೇ ತಿಂಗಳಿಗೆ ಹದಿನೈದು ಸಾವಿರ ದುಡಿಯುತ್ತಾನೆ. ಯಾವ ದೇಶದಲ್ಲಿ ಅದನ್ನು ಮುಂದುವರಿಸಬಹುದು?
– ಒಬ್ಬ ತಾಯಿ, ಮೈಸೂರು

ಉತ್ತರ: ಬ್ರಿಟನ್ ಬೇಡವೇ ಬೇಡ. ಅಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಸ್ವಂತ ಉದ್ಯೋಗ ಪೂರ್ತಿ ನಿಷಿದ್ಧ. ಆಸ್ಟ್ರೇಲಿಯಾದಲ್ಲಿ ಎಬಿಎನ್ ಅನ್ನುವ ವ್ಯಾಪಾರದ ನಂಬರ್ ತೆಗೆದುಕೊಂಡು ಫ್ರೀಲಾನ್ಸ್ ಮಾಡಬಹುದು, ನಂಬರ್ ಪುಕ್ಕಟೆ. ಆದರೆ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಿತಿ, ಎಡಿಟಿಂಗ್ ಹೊತ್ತೂ ಅದರಲ್ಲೇ ಸೇರುತ್ತದೆ. ಕೆನಡಾದಲ್ಲಿ ಕ್ಯಾಂಪಸ್ ಹೊರಗಿನ ಕೆಲಸಕ್ಕೆ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ. ಹೊರದೇಶದ ಕಂಪನಿಗೆ ಕೂತಲ್ಲಿಂದ ಮಾಡುವ ಕೆಲಸವನ್ನು ಆ ಗಂಟೆಗಳಲ್ಲಿ ಎಣಿಸುವುದಿಲ್ಲ. ಇಷ್ಟೆಲ್ಲ ಆದರೂ, ಆ ಹದಿನೈದು ಸಾವಿರವನ್ನು ನಂಬಿ ಅಲ್ಲಿನ ಮನೆ ಬಾಡಿಗೆ ಲೆಕ್ಕ ಹಾಕಬೇಡಿ, ಅಮ್ಮ. ಮೆಲ್ಬರ್ನಿನಲ್ಲಿ ಅದು ಒಂದು ವಾರದ ಬಾಡಿಗೆಗೂ ಸಾಲದು.