ಹಿಂಡಿ ಬಿಟ್ಟು ಹುಲ್ಲು ಮಾತ್ರ ತಿನ್ನುವ ಬಾಣಂತಿ ಹಸು

ಕರು ಹಾಕಿದ ಮಾರನೇ ದಿನವೇ ಹಿಂಡಿ ದುಪ್ಪಟ್ಟು ಮಾಡಿದಿರಿ. ಈಗ 10 ದಿನಕ್ಕೆ ಹಸು ಹಿಂಡಿ ಮೂಸಿ ಬಿಡುತ್ತದೆ, ರಾಗಿ ಹುಲ್ಲು ಮಾತ್ರ ತಿನ್ನುತ್ತದೆ, ಹಾಲೂ ಇಳಿದಿದೆ, ಅಲ್ವಾ? ಅದರ ಮೂತಿ ಹತ್ತಿರ ಹೋಗಿ ಉಸಿರು ನೋಡಿ. ಹಣ್ಣಿನಂಥ ಸಿಹಿ ವಾಸನೆ ಬಂದರೆ ಕೀಟೋಸಿಸ್, ಅಂದ್ರೆ ಮೈಯಲ್ಲಿ ಶಕ್ತಿ ಸಾಲದೆ ಬರುವ ಕಾಯಿಲೆ, ಇರಬಹುದು. ಬರದಿದ್ದರೂ ಇವತ್ತೇ ಡಾಕ್ಟರನ್ನು ಕರೆಸಿ. ನಮ್ಮ ಕೆಂಚಿಗೆ ಹೀಗಾದಾಗ ಎರಡು ದಿನ ಸುಮ್ನೆ ಕಾದೆ, ಆ ತಪ್ಪು ನೀವು ಮಾಡಬೇಡಿ.

ಹಾಲಿಗೆ ಬೇಕಾದಷ್ಟು ಶಕ್ತಿ ಮೇವಿನಿಂದ ಸಿಗದಾಗ ಮೈಕೊಬ್ಬು ಕರಗಿ ಲಿವರ್ ಮೇಲೆ ಭಾರ ಬೀಳುತ್ತದೆ, ಕೀಟೋಸಿಸ್ ಬರುವುದು ಹೀಗೆ. ಇನ್ನೊಂದು ಕಡೆ, ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ವಾರಗಳೇ ಬೇಕು. ಒಮ್ಮೆಲೇ ಹಿಂಡಿ ಸುರಿದರೆ ಹೊಟ್ಟೆ ಹುಳಿಯಾಗಿ, ನಾರು ಕರಗಿಸುವ ಜೀವಿಗಳು ಸೊರಗುತ್ತವೆ. ಮುಂದಿನ ಸಲ ಕರು ಹಾಕುವ 3 ವಾರ ಮೊದಲೇ ಹಿಂಡಿ ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಿ.