ಬಿಳಿ ಹೋಗುತ್ತಿದೆ, ತುರಿಕೆ ಬಿಡುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ, ಒಂದು ಮಗು ಇದೆ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಎರಡು ತಿಂಗಳಿಂದ ಬಿಳಿ ಜಾಸ್ತಿ ಹೋಗುತ್ತಿದೆ, ಒಡೆದ ಮೊಸರಿನ ಥರ ಗಟ್ಟಿಗಟ್ಟಿ. ತುರಿಕೆ ತಡೆಯೋಕಾಗಲ್ಲ, ಮೂತ್ರಕ್ಕೆ ಹೋದರೆ ಉರಿ. ಉಷ್ಣ ಅಂತ ಅತ್ತೆ ಮೆಂತ್ಯ ನೆನೆಸಿದ ನೀರು ಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಮಾತ್ರೆಗಳ ಒಂದು ಕಿಟ್ ಕೊಟ್ಟರು. ಒಂದು ವಾರ ಕಮ್ಮಿಯಾಗಿ ಮತ್ತೆ ಶುರುವಾಯಿತು. ದಿನಾ ಆಂಟಿಸೆಪ್ಟಿಕ್ ಹಾಕಿ ಒಳಗೆಲ್ಲ ತೊಳೆಯುತ್ತೇನೆ. ಬಿಳಿ ಹೋದರೆ ಮೂಳೆ ಕರಗುತ್ತೆ ಅಂತಾರೆ, ನಿಜವಾ? ಗಂಡನಿಗೂ ಹೇಳಿಲ್ಲ.

ಉತ್ತರ: ನೋಡಿ ಅಮ್ಮ, ಮೊದಲು ಆ ಮೂಳೆಯ ಭಯ ಬಿಡಿ. ಬಿಳಿ ಅನ್ನೋದು ಗರ್ಭಕೋಶದ ಬಾಯಿ ಮತ್ತು ಯೋನಿಯ ಒಳಗೋಡೆಯಿಂದ ಬರುವ ದ್ರವ. ಅದರಲ್ಲಿ ಮೂಳೆಯೂ ಇಲ್ಲ, ರಕ್ತ ನೀರಾಗಿ ಹೋಗುವುದೂ ಇಲ್ಲ. ಎಲ್ಲ ಹೆಂಗಸರಿಗೂ ಅದು ಸ್ವಲ್ಪ ಹೋಗುತ್ತೆ, ಹೋಗಬೇಕು. ಮುಟ್ಟಾದ ಎರಡು ವಾರಕ್ಕೆ ಮೊಟ್ಟೆಯ ಬಿಳಿಯ ಹಾಗೆ ಎಳೆಎಳೆಯಾಗಿ ಬರುತ್ತೆ, ಆಮೇಲೆ ಮಂದವಾಗುತ್ತೆ, ಬಸುರಿಯಲ್ಲಿ ಜಾಸ್ತಿಯಾಗುತ್ತೆ. ಕೆಟ್ಟ ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಅದಕ್ಕೆ ಮದ್ದು ಬೇಕಿಲ್ಲ.

ನಿಮ್ಮದು ಹಾಗಲ್ಲ. ಮೊಸರಿನ ಥರ ಗಟ್ಟಿ, ಜೊತೆಗೆ ತುರಿಕೆ, ಉರಿ ಅಂದರೆ ಬಹುಶಃ ಕ್ಯಾಂಡಿಡಾ ಅನ್ನುವ ಫಂಗಸ್. 'ಬಹುಶಃ' ಅಂತ ಬೇಕಂತಲೇ ಬರೆಯುತ್ತಿದ್ದೇನೆ, ಯಾಕಂದರೆ ಎಲ್ಲ ಬಿಳಿಯೂ ಒಂದೇ ಅಲ್ಲ. ಬೂದು ಬಣ್ಣದಲ್ಲಿ ತೆಳ್ಳಗೆ ಹೋಗುತ್ತಾ ಮೀನಿನ ವಾಸನೆ ಬಂದರೆ, ಅದರಲ್ಲೂ ಗಂಡನ ಜೊತೆ ಸೇರಿದ ಮೇಲೆ ವಾಸನೆ ಜಾಸ್ತಿಯಾದರೆ, ಅದು ಬ್ಯಾಕ್ಟೀರಿಯಾದ ತೊಂದರೆ. ಹಳದಿ ಹಸಿರಾಗಿ ನೊರೆನೊರೆಯಾಗಿದ್ದರೆ ಟ್ರೈಕೊಮೊನಾಸ್ ಅನ್ನುವ ರೋಗಾಣು ಇರಬಹುದು. ಮೂರಕ್ಕೂ ಮಾತ್ರೆ ಬೇರೆ ಬೇರೆ. ಅಂಗಡಿಯಲ್ಲಿ ಕೊಡುವ ಕಿಟ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ಜಾತಿಯ ಮದ್ದು ಒಟ್ಟಿಗೆ ಇರುತ್ತೆ, ಯಾವುದೋ ಒಂದು ತಾಗಲಿ ಅಂತ. ಕಷ್ಟ ಏನಂದರೆ ಅದರಲ್ಲಿರುವ ಆಂಟಿಬಯಾಟಿಕ್ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ಆಮೇಲೆ ಫಂಗಸ್‌ಗೆ ಜಾಗ ಖಾಲಿ ಸಿಕ್ಕ ಹಾಗೆ. ಆ ಒಳ್ಳೆಯ ಬ್ಯಾಕ್ಟೀರಿಯಾ ಒಳಗನ್ನು ಹುಳಿಯಾಗಿಟ್ಟು ನಮ್ಮನ್ನು ಕಾಯುತ್ತವೆ. ಅದಕ್ಕೇ ಹೇಳೋದು, ಇವತ್ತಿನಿಂದಲೇ ಆಂಟಿಸೆಪ್ಟಿಕ್ ನಿಲ್ಲಿಸಿ. ಹೊರಗೆ ಬರೀ ನೀರು ಸಾಕು, ಒಳಗೆ ಏನೂ ಬೇಡ. ಅತ್ತೆ ಕೊಟ್ಟ ಮೆಂತ್ಯ ನೀರು ಕುಡಿಯಿರಿ, ತೊಂದರೆ ಇಲ್ಲ, ಆದರೆ ಫಂಗಸ್ ಅದಕ್ಕೆ ಹೋಗಲ್ಲ.

ಒಂದು ಸಲ ತೋರಿಸಿ. ನಾಚಿಕೆ, ಭಯ ಎರಡೂ ಇರುತ್ತೆ ಅಂತ ಗೊತ್ತು, ಒಳಗೆ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಸ್ವಲ್ಪ ಧೈರ್ಯ ಬರುತ್ತೆ. ಮಲಗಿಸಿ, ಸ್ಪೆಕ್ಯುಲಮ್ ಅನ್ನುವ ಸಣ್ಣ ಉಪಕರಣ ಇಟ್ಟು ನೋಡುತ್ತಾರೆ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂಚೂರು ಬಿಳಿ ತೆಗೆದು ಕಾಗದದ ತುಂಡಿಗೆ ಸವರುತ್ತಾರೆ, ಬಣ್ಣ ನೋಡಿದರೆ ಪಿಎಚ್, ಅಂದರೆ ಒಳಗೆ ಹುಳಿ ಎಷ್ಟಿದೆ ಅಂತ ತಿಳಿಯುತ್ತೆ; ಅಂಕಿ ಏರಿದಷ್ಟೂ ಹುಳಿ ಕಮ್ಮಿ. 4.5 ದಾಟಿದ್ದರೆ ಫಂಗಸ್‌ಗಿಂತ ಬ್ಯಾಕ್ಟೀರಿಯಾ ಅಥವಾ ಟ್ರೈಕೊಮೊನಾಸ್ ಅನುಮಾನ ಜಾಸ್ತಿ. ಇನ್ನೊಂದು ಹನಿ ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಲೇಡಿ ಡಾಕ್ಟ್ರೇ ಬೇಕು ಅಂತ ಕೇಳಬಹುದು. ಸಂಬಳದಲ್ಲಿ ಇಎಸ್ಐ ಕಟ್ ಆಗುತ್ತಿದ್ದರೆ ರಾಜಾಜಿನಗರದ ಇಎಸ್ಐ ಆಸ್ಪತ್ರೆ ಇದೆ, ಇಲ್ಲಾಂದ್ರೆ ಮಾರ್ಕೆಟ್ ಹತ್ತಿರದ ವಾಣಿವಿಲಾಸ. ಹೋದಾಗ ಶುಗರ್ ಟೆಸ್ಟ್ ಮಾಡಿಸಿ, ಮತ್ತೆ ಮತ್ತೆ ಫಂಗಸ್ ಬರೋದಕ್ಕೆ ಸಕ್ಕರೆ ಕಾಯಿಲೆಯೂ ಒಂದು ಕಾರಣ. ಮುಟ್ಟು ತಪ್ಪಿದ್ದರೆ ಅದನ್ನೂ ಮೊದಲೇ ಹೇಳಿ, ಫಂಗಸ್‌ಗೆ ನುಂಗುವ ಮಾತ್ರೆ ಬಸುರಿಯರಿಗೆ ಕೊಡುವುದಿಲ್ಲ.

ಗಂಡನ ವಿಷಯ. ಫಂಗಸ್ ಆದರೆ ಅವರಿಗೆ ತೊಂದರೆ ಇಲ್ಲದಿದ್ದರೆ ಮದ್ದು ಬೇಡ. ಟ್ರೈಕೊಮೊನಾಸ್ ಆದರೆ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳಬೇಕು, ಮುಗಿಯೋ ತನಕ ಸೇರಬಾರದು. ಗಂಡಸರಿಗೆ ಅದು ಇದ್ದರೂ ಏನೂ ಗೊತ್ತಾಗದೇ ಇರಬಹುದು, ತಿಂಗಳುಗಟ್ಟಲೆ ಸುಮ್ನೆ ಇರಬಹುದು. ಹಾಗಾಗಿ ಯಾರಿಂದ ಬಂತು ಅಂತ ಜಗಳಕ್ಕೆ ಇಳಿಯಬೇಡಿ.

ಕೆಳಹೊಟ್ಟೆ ನೋವಿನ ಜೊತೆ ಜ್ವರ ಬಂದರೆ ಮಾತ್ರ ರಜೆ ಸಿಗುವ ದಿನ ಕಾಯಬೇಡಿ, ಅವತ್ತೇ ಹೋಗಿ. ಸೋಂಕು ಗರ್ಭಕೋಶ, ನಾಳಕ್ಕೆ ಏರಿರಬಹುದು.

ಪ್ರಶ್ನೆ: ನಮ್ಮಮ್ಮನಿಗೆ 57. ಮುಟ್ಟು ನಿಂತು ಐದು ವರ್ಷ. ಈಗ ಬಿಳಿಯ ಜೊತೆ ಆಗಾಗ ರಕ್ತದ ಕಲೆ ಕಾಣಿಸುತ್ತಿದೆ. ನೋವಿಲ್ಲ, ಡಾಕ್ಟರ್ ಬೇಡ ಅನ್ನುತ್ತಾರೆ. ಕಾಯಬಹುದಾ? (ಬಸವನಗುಡಿ)

ಉತ್ತರ: ಕಾಯಬೇಡಿ. ಈ ವಾರವೇ ಕರೆದುಕೊಂಡು ಹೋಗಿ. ಎಷ್ಟೋ ಸಲ ಒಳಪದರ ತೆಳುವಾಗಿ ಒಣಗಿದ್ದಕ್ಕೇ ಹೀಗಾಗುತ್ತೆ, ಆದರೆ ಗರ್ಭಕೋಶದ ಅಥವಾ ಅದರ ಬಾಯಿಯ ಕ್ಯಾನ್ಸರ್ ಅಲ್ಲ ಅಂತ ಖಚಿತವಾಗೋ ತನಕ ಹಾಗಂದುಕೊಳ್ಳುವಂತಿಲ್ಲ. ನೋವಿಲ್ಲ ಅನ್ನೋದು ಧೈರ್ಯ ಕೊಡುವ ಮಾತಲ್ಲ, ಈ ಕ್ಯಾನ್ಸರ್‌ಗಳು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಒಳಗೆ ನೋಡಿ, ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಟೆಸ್ಟ್ ಮಾಡುತ್ತಾರೆ, ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ, ದಪ್ಪ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ರಕ್ತ ಯಾವ ದಿನ, ಎಷ್ಟು ಕಾಣಿಸಿತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟು ಜೊತೆಗೆ ತೆಗೆದುಕೊಂಡು ಹೋಗಿ. ಅಮ್ಮ ಒಳಗೆ ಹೋದಾಗ ನೀವೂ ಜೊತೆಗಿರಿ, ಒಬ್ಬರೇ ಇದ್ದರೆ ಅವರು 'ಏನಿಲ್ಲ, ಚೆನ್ನಾಗಿದ್ದೀನಿ' ಅಂತ ಎದ್ದು ಬಂದುಬಿಡುತ್ತಾರೆ.